ಬೀರುವಿನಲ್ಲಿ ಬೀಗ ಹಾಕಿಟ್ಟ ದೆವ್ವದ ಪುಸ್ತಕ: ನಮ್ಮೂರಿನ ಪ್ರೌಢಶಾಲೆಗೆ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯೋಪಾಧ್ಯಾಯರಿಗೆ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ, ಹಾಗೂ ಒಂಬತ್ತನೇ ತರಗತಿಯ ಮಕ್ಕಳ ತಂದೆ ತಾಯಂದಿರಿಗೆ,

ನಮಸ್ಕಾರ.

ನಾನು ನಿಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿ ಓದುವ ಹುಡುಗಿಯೊಬ್ಬಳ ತಂದೆ. ಮಂಡ್ಯದಿಂದ ಸ್ವಲ್ಪ ದೂರದಲ್ಲಿ ಆಲೆಮನೆ ನಡೆಸುತ್ತೇನೆ. ಊರಿನ ಹೆಸರು, ಶಾಲೆಯ ಹೆಸರು, ಮಕ್ಕಳ ಹೆಸರು ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ಯಾರ ಮಾನ ಕಳೆಯುವುದಕ್ಕೂ ಈ ಪತ್ರ ಬರೆಯುತ್ತಿಲ್ಲ. ನಿಮ್ಮ ಹತ್ತಿರ ಬಂದು ಬಾಯಲ್ಲಿ ಹೇಳಿದೆ, ಆಗಲಿಲ್ಲ. ಬರೆದು ಕೊಟ್ಟೆ, ಮೂರು ವಾರವಾದರೂ ಉತ್ತರ ಬರಲಿಲ್ಲ. ಅದಕ್ಕೇ ಈಗ ಎಲ್ಲರ ಎದುರಿಗೆ ಇಡುತ್ತಿದ್ದೇನೆ.

ವಿಷಯ ಒಂದು ಪುಸ್ತಕದ್ದು. ಹದಿಹರೆಯದ ಮಕ್ಕಳಿಗೆ ಅಂತಲೇ ಬರೆದ ಒಂದು ದೆವ್ವದ ಕಾದಂಬರಿ, ಕನ್ನಡದ್ದು. ದಸರಾಕ್ಕೆ ಮೈಸೂರಿಗೆ ಹೋದಾಗ ಪುಸ್ತಕದ ಮಳಿಗೆಯಲ್ಲಿ ಮಗಳು ಕೈಗೆತ್ತಿಕೊಂಡು ಕೆಳಗಿಡಲೇ ಇಲ್ಲ. 180 ರೂಪಾಯಿ ಕೊಟ್ಟು ಕೊಡಿಸಿದೆ. ಅದರ ಹೆಸರನ್ನೂ ಬರೆಯುವುದಿಲ್ಲ. ಬರೆದರೆ ಮಾತು ಆ ಒಂದು ಪುಸ್ತಕದ ಮೇಲೆ ಹೋಗುತ್ತದೆ, ಮಕ್ಕಳ ಮೇಲಿಂದ ತಪ್ಪುತ್ತದೆ.

ಮೊದಲು ಆ ಪುಸ್ತಕವನ್ನು ನಾನು ಹೇಗೆ ಕೇಳಿದೆ ಅಂತ ಹೇಳಬೇಕು. ಹೌದು, ಕೇಳಿದ್ದು. ಓದಿದ್ದು ಆಮೇಲೆ.

ಆಲೆಮನೆಯಲ್ಲಿ ಕಬ್ಬು ಅರೆಯುವ ದಿನ ರಾತ್ರಿ ಹತ್ತು ಹನ್ನೊಂದಾದರೂ ಒಲೆ ಆರುವುದಿಲ್ಲ. ರಜೆಯಲ್ಲಿ ಮಗಳು, ನನ್ನ ತಮ್ಮನ ಇಬ್ಬರು ಮಕ್ಕಳು ಅಲ್ಲೇ ಬಂದು ಕೂರುತ್ತಾರೆ. ಆವತ್ತು ಅವಳು ಕೊಪ್ಪರಿಗೆಯ ಪಕ್ಕದ ಲೈಟಿನ ಕೆಳಗೆ ಚೀಲ ಹಾಸಿಕೊಂಡು ಜೋರಾಗಿ ಓದೋಕೆ ಶುರು ಮಾಡಿದಳು. ಕಬ್ಬಿನ ಹಾಲು ಕುದಿಯುವ ಸದ್ದು, ಒಲೆಗೆ ಸಿಪ್ಪೆ ತಳ್ಳುವ ಸದ್ದು, ನಡುವೆ ಅವಳ ದನಿ. ಮೊದಲ ಅಧ್ಯಾಯ ಮುಗಿಯುವ ಹೊತ್ತಿಗೆ ಒಲೆ ಮುಂದೆ ಕೂತಿದ್ದ ಹುಡುಗ ಸಿಪ್ಪೆ ಹಾಕೋದು ಮರೆತಿದ್ದ. ಅವನು ಉತ್ತರ ಪ್ರದೇಶದ ಕಡೆಯವನು, ನಾಲ್ಕು ವರ್ಷದಿಂದ ನಮ್ಮಲ್ಲಿದ್ದಾನೆ, ಕನ್ನಡ ಅರ್ಧಂಬರ್ಧ ಬರುತ್ತದೆ. ಅವಳು ನೀರು ಕುಡಿಯೋಕೆ ನಿಲ್ಲಿಸಿದಾಗ ಅವನು "ಆಮೇಲೆ?" ಅಂದ. ಆ ರಾತ್ರಿ ಒಂದು ಪಾಕ ಹದ ಮೀರಿ ಕಪ್ಪಾಯಿತು. ನಾನು ಯಾರಿಗೂ ಬೈಯಲಿಲ್ಲ. ಆಮೇಲೆ ಏನಾಯ್ತು ಅಂತ ನನಗೂ ಬೇಕಿತ್ತು. ಮೂರು ರಾತ್ರಿಯಲ್ಲಿ ಅವಳು ಪೂರ್ತಿ ಓದಿ ಮುಗಿಸಿದಳು.

ಕತೆ ಇಷ್ಟು. ಬೆಟ್ಟದ ಮೇಲೊಂದು ಊರು. ಅಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್. ಮೇಲಿನ ಮಹಡಿಯಲ್ಲಿ ಬೀಗ ಹಾಕಿದ ಒಂದು ಕೋಣೆ. ರಾತ್ರಿ ಆ ಕೋಣೆಯ ಒಳಗಿನಿಂದ ಬಾಗಿಲು ಬಡಿಯುವ ಸದ್ದು ಕೇಳುತ್ತದೆ. ಕೇಳಿದ ಮರುದಿನ ಹಾಜರಿ ಪುಸ್ತಕದಲ್ಲಿ ಒಂದು ಹೆಸರು ಇರುವುದಿಲ್ಲ. ಹೆಸರಿನ ಜೊತೆ ಆ ಹುಡುಗಿಯೂ ಇರುವುದಿಲ್ಲ. ಅಂಥವಳೊಬ್ಬಳು ಇದ್ದಳು ಅನ್ನುವುದೇ ಯಾರಿಗೂ ನೆನಪಿರುವುದಿಲ್ಲ. ಅವಳ ಮಂಚದ ಮೇಲೆ ವರ್ಷಗಟ್ಟಲೆ ಯಾರೂ ಮಲಗದ ಹಾಗೆ ಧೂಳು ಕೂತಿರುತ್ತದೆ. ಕತೆಯ ಹುಡುಗಿಗೆ ಮಾತ್ರ ಎಲ್ಲ ನೆನಪಿದೆ. ಅವಳು ಗೆಳತಿಯರ ಹೆಸರನ್ನೆಲ್ಲ ತನ್ನ ಲಂಗದ ಒಳಮಡಿಕೆಯಲ್ಲಿ ಪೆನ್ನಿನಿಂದ ಬರೆದುಕೊಂಡಿದ್ದಾಳೆ. ಅವಳು ವಾರ್ಡನ್‌ಗೆ ಹೇಳುತ್ತಾಳೆ. ವಾರ್ಡನ್ ನಂಬುವುದಿಲ್ಲ. ಅಪ್ಪನಿಗೆ ಫೋನ್ ಮಾಡುತ್ತಾಳೆ. ಅಪ್ಪ "ಓದೋದು ಬಿಟ್ಟು ಏನೇನೋ ಯೋಚನೆ ಮಾಡ್ಬೇಡ" ಅನ್ನುತ್ತಾನೆ. ಕೊನೆ ಏನಾಗುತ್ತದೆ ಅಂತ ನಾನು ಹೇಳುವುದಿಲ್ಲ. ಯಾಕೆ ಹೇಳುವುದಿಲ್ಲ ಅಂತ ಪತ್ರ ಮುಗಿಯುವುದರೊಳಗೆ ನಿಮಗೆ ಗೊತ್ತಾಗುತ್ತದೆ.

ರಜೆ ಮುಗಿದ ಮೇಲೆ ಮಗಳು ಪುಸ್ತಕವನ್ನು ಗೆಳತಿಯರಿಗೆ ಕೊಟ್ಟಳು. ಕಂದು ಕಾಗದದ ರಟ್ಟು ಹಾಕಿ, ಒಬ್ಬರಿಗೆ ನಾಲ್ಕು ದಿನ ಅಂತ ಲೆಕ್ಕ ಮಾಡಿ ಕೊಟ್ಟರು. ಓದಿ ಮುಗಿಸಿದವರು ಕೊನೆಯ ಖಾಲಿ ಪುಟದಲ್ಲಿ ತಮ್ಮ ಹೆಸರು ಬರೆಯಬೇಕು ಅಂತ ಮಕ್ಕಳೇ ನಿಯಮ ಮಾಡಿಕೊಂಡರು. ಕತೆಯ ಹುಡುಗಿ ಹೆಸರು ಬರೆದಿಟ್ಟುಕೊಳ್ಳುತ್ತಾಳಲ್ಲ, ಹಾಗೆ. ನಾವು ಒಬ್ಬರನ್ನೊಬ್ಬರು ಮರೆಯುವುದಿಲ್ಲ ಅನ್ನುವ ಅರ್ಥದಲ್ಲಿ. ಒಂದೂವರೆ ತಿಂಗಳಲ್ಲಿ ಹನ್ನೊಂದು ಹೆಸರಾಯಿತು. ಪಠ್ಯಪುಸ್ತಕ ಬಿಟ್ಟರೆ ಒಂದು ಕನ್ನಡ ಪುಸ್ತಕವನ್ನು ಮೊದಲಿಂದ ಕೊನೆತನಕ ಓದಿದ್ದು ಇದೇ ಮೊದಲು ಅಂತ ಅದರಲ್ಲಿ ಏಳು ಜನ ನನ್ನ ಮಗಳಿಗೆ ಹೇಳಿದ್ದಾರೆ.

ಹನ್ನೆರಡನೆಯವಳು ಓದುತ್ತಿದ್ದಾಗ ಪುಸ್ತಕ ಸಿಕ್ಕಿಬಿತ್ತು.

ಆ ಹುಡುಗಿಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೇ ದಿನ ಜ್ವರ. ಅವಳ ತಾಯಿ ಗಾಬರಿಯಾಗಿ ಪುಸ್ತಕ ತಂದು ನಿಮ್ಮ ಮೇಜಿನ ಮೇಲೆ ಇಟ್ಟರು. ಅವರದು ತಪ್ಪಲ್ಲ. ನನ್ನ ಮಗು ಹಾಗೆ ಮಲಗಿದ್ದರೆ ನಾನೂ ಬರುತ್ತಿದ್ದೆ. ಆದರೆ ಆಮೇಲೆ ನಡೆದದ್ದು ಸರಿಯಿಲ್ಲ. ನೀವು ಕೊನೆಯ ಪುಟ ತೆಗೆದಿರಿ. ಅಲ್ಲಿದ್ದ ಹೆಸರುಗಳನ್ನು ಒಂದೊಂದಾಗಿ ಓದಿ ಆ ಮಕ್ಕಳನ್ನು ತರಗತಿಯಿಂದ ಎಬ್ಬಿಸಿ ಕರೆಸಿದಿರಿ. "ಇನ್ನು ಮುಂದೆ ಇಂಥ ಪುಸ್ತಕ ಮುಟ್ಟುವುದಿಲ್ಲ" ಅಂತ ಹನ್ನೊಂದು ಜನರಿಂದಲೂ ತಪ್ಪೊಪ್ಪಿಗೆ ಬರೆಸಿಕೊಂಡಿರಿ. ಅದಕ್ಕೆ ನಮ್ಮ ಸಹಿ ಬೇಕು ಅಂತ ನಮ್ಮನ್ನೂ ಕರೆಸಿದಿರಿ.

ಆ ದಿನ ನಾನು ನಿಮ್ಮ ಕೊಠಡಿಗೆ ಬಂದಾಗ ಪುಸ್ತಕ ಮೇಜಿನ ಮೇಲಿತ್ತು. ಮಕ್ಕಳು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದರು. ಒಬ್ಬಳು ಅಳುತ್ತಿದ್ದಳು. ಇಂಥದ್ದು ಓದಿದರೆ ಮನಸ್ಸು ಕೆಡುತ್ತದೆ, ಮೂಢನಂಬಿಕೆ ಬೆಳೆಯುತ್ತದೆ, ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಬೇರೆ ಇದೆ ಅಂತ ಎಲ್ಲರೂ ಒಂದೊಂದು ಮಾತು ಹೇಳಿದಿರಿ. ನಾನು ಒಂದೇ ಪ್ರಶ್ನೆ ಕೇಳಿದೆ. "ಇಲ್ಲಿರೋರಲ್ಲಿ ಯಾರಾದ್ರೂ ಇದನ್ನ ಓದಿದ್ದೀರಾ?" ಕೊಠಡಿಯಲ್ಲಿ ಏಳು ಜನ ದೊಡ್ಡವರಿದ್ದಿರಿ. ಒಬ್ಬರೂ ಓದಿರಲಿಲ್ಲ. "ಮುಖಪುಟ ನೋಡಿದ್ರೆ ಗೊತ್ತಾಗಲ್ವಾ" ಅಂತ ಒಬ್ಬರು ಅಂದರು. ಮುಖಪುಟದಲ್ಲಿ ಇರುವುದು ಒಂದು ಮೆಟ್ಟಿಲು, ಕತ್ತಲೆಯಲ್ಲಿ. ಅಷ್ಟೇ.

ನಾನು ಸಹಿ ಹಾಕದೆ ಎದ್ದು ಬಂದೆ. ಮಗಳು ದಾರಿಯಲ್ಲಿ ಒಂದು ಮಾತು ಹೇಳಿದಳು. "ಅಪ್ಪಾ, ಇದೂ ಅದೇ ಕತೆ ಆಯ್ತಲ್ಲ. ಹೇಳಿದ್ರೆ ಯಾರೂ ಕೇಳೋದೇ ಇಲ್ಲ."

ಈ ವಯಸ್ಸಿನ ಮಕ್ಕಳಿಗೆ ಇಂಥ ಕತೆ ಯಾಕೆ ಇಷ್ಟ ಅಂತ ಆ ಮಾತಿನಿಂದಲೇ ನನಗೆ ಅರ್ಥವಾಯಿತು. ಆ ಪುಸ್ತಕದಲ್ಲಿ ಭಯ ಹುಟ್ಟಿಸುವುದು ದೆವ್ವವಲ್ಲ. ಅರ್ಧ ಪುಸ್ತಕ ಮುಗಿದರೂ ದೆವ್ವ ಕಣ್ಣಿಗೆ ಬೀಳುವುದಿಲ್ಲ. ಸದ್ದು ಮಾತ್ರ. ಇವತ್ತು ಮೂರು ಸಲ ಬಡಿಯಿತು, ನಾಳೆ ನಾಲ್ಕು ಸಲ. ನಾಲ್ಕು ಅಂದರೆ ಏನು ಅಂತ ಓದುವವರಿಗೆ ಗೊತ್ತು, ಆ ಹುಡುಗಿಗೆ ಗೊತ್ತಿಲ್ಲ. ನಾವು ಮನಸ್ಸಿನಲ್ಲೇ ಕೂಗುತ್ತೇವೆ, ಅವಳಿಗೆ ಕೇಳುವುದಿಲ್ಲ. ಅದಕ್ಕಿಂತ ಜಾಸ್ತಿ ಹೆದರಿಸುವುದು ದೊಡ್ಡವರು ನಂಬದೇ ಇರುವುದು. ಹದಿನಾಲ್ಕು ವರ್ಷದ ಮಕ್ಕಳಿಗೆ ದಿನಾ ಆಗುವುದು ಅದೇ ಅಲ್ವಾ? ಹೊಟ್ಟೆನೋವು ಅಂದರೆ ನೆಪ ಅನ್ನುತ್ತೇವೆ. ಬಸ್ಸಿನಲ್ಲಿ ಯಾರೋ ಚುಡಾಯಿಸಿದ ಅಂದರೆ ನೀನು ಯಾಕೆ ಆ ಕಡೆ ನೋಡಿದೆ ಅನ್ನುತ್ತೇವೆ. ಗೆಳತಿ ಮಾತು ಬಿಟ್ಟಳು ಅಂದರೆ ನಗುತ್ತೇವೆ. ಇನ್ನು ಹಾಜರಿಯಿಂದ ಹೆಸರು ಅಳಿದುಹೋಗುವುದು. ತಾನು ಇದ್ದರೂ ಯಾರಿಗೂ ಲೆಕ್ಕಕ್ಕಿಲ್ಲ ಅನ್ನುವ ಭಯ ಆ ವಯಸ್ಸಿನಲ್ಲಿ ಎಷ್ಟಿರುತ್ತದೆ ಅಂತ ನಮಗೆ ಮರೆತುಹೋಗಿದೆ. ಆ ಪುಸ್ತಕ ಅದನ್ನು ಹೆಸರಿಟ್ಟು ಹೇಳುತ್ತದೆ. ಅದಕ್ಕೇ ಒಬ್ಬಳಿಂದ ಹನ್ನೆರಡು ಜನಕ್ಕೆ ಹೋಯಿತು.

ಮೂಢನಂಬಿಕೆ ಅಂದಿರಿ. ಮಗಳಿಗೆ ದೆವ್ವ ಇದೆ ಅಂತ ನಂಬಿಕೆ ಬಂದಿಲ್ಲ. ಕತೆ ಕತೆ ಅಂತ ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತು. ನಂಬಿದ್ದು ನಾವು. ನಾನು ಚಿಕ್ಕವನಿದ್ದಾಗ, 1990ರ ದಶಕದಲ್ಲಿ, ಊರೂರಲ್ಲಿ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದಿದ್ದು ನಿಮಗೂ ನೆನಪಿರಬೇಕು. ರಾತ್ರಿ ದೆವ್ವ ಬಂದು ಗೊತ್ತಿರೋರ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ, ಬಾಗಿಲು ತೆಗೆದರೆ ಮುಗಿಯಿತು ಅನ್ನುತ್ತಿದ್ದರು. ನಮ್ಮ ಮನೆ ಬಾಗಿಲಿಗೆ ನನ್ನ ಅಪ್ಪನೇ ಸೀಮೆಸುಣ್ಣದಲ್ಲಿ ಬರೆದದ್ದು. ಅದು ಯಾವ ಪುಸ್ತಕದಿಂದಲೂ ಬಂದದ್ದಲ್ಲ. ಬಾಯಿಂದ ಬಾಯಿಗೆ ಬಂತು, ಅದಕ್ಕೆ ಕೊನೆ ಅಂತ ಇರಲಿಲ್ಲ. ಅದಕ್ಕೇ ತಿಂಗಳುಗಟ್ಟಲೆ ನಾವು ನಿದ್ದೆಗೆಟ್ಟೆವು. ಪುಸ್ತಕದ ಭಯಕ್ಕೆ ಮೊದಲ ಪುಟ ಇದೆ, ಕೊನೆಯ ಪುಟ ಇದೆ. ಬೇಡ ಅನ್ನಿಸಿದರೆ ಮುಚ್ಚಿಡಬಹುದು.

ಶಾಲೆಯಲ್ಲಿ ಭಯದ ಕತೆ ಇಲ್ಲವೇ ಇಲ್ಲ ಅನ್ನುವ ಹಾಗೂ ಇಲ್ಲ. ಪ್ರತಿ ವರ್ಷ ನೀವೇ ಮಕ್ಕಳನ್ನು ತಲಕಾಡಿಗೆ ಕರೆದುಕೊಂಡು ಹೋಗುತ್ತೀರಿ. ಅಲ್ಲಿ ಅಲಮೇಲಮ್ಮನ ಕತೆ ಹೇಳುತ್ತೀರಿ. 1610ರಲ್ಲಿ ಶ್ರೀರಂಗಪಟ್ಟಣ ರಾಜ ಒಡೆಯರ ಕೈಗೆ ಬಂದ ಕಾಲದ ಕತೆ. ಒಡವೆಗಾಗಿ ಸೈನಿಕರು ಅಟ್ಟಿಸಿಕೊಂಡು ಬಂದಾಗ ಅವಳು ಕಾವೇರಿಗೆ ಹಾರಿದಳು, ಹಾರುವ ಮುಂಚೆ "ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ" ಅಂತ ಶಾಪ ಹಾಕಿದಳು. ಮರಳಿನ ಕೆಳಗೆ ಹೂತ ದೇವಸ್ಥಾನದ ಮುಂದೆ ನಿಂತು ಈ ಕತೆ ಕೇಳಿದರೆ ಯಾರಿಗೆ ಮೈ ಜುಮ್ಮೆನ್ನುವುದಿಲ್ಲ? ಅದೇ ಪ್ರವಾಸದಲ್ಲಿ ಶ್ರೀರಂಗಪಟ್ಟಣದ ನೆಲಮಾಳಿಗೆಯ ಸೆರೆಮನೆ ತೋರಿಸುತ್ತೀರಿ. ಕೈದಿಗಳನ್ನು ಸರಪಳಿಯಿಂದ ಕಟ್ಟುತ್ತಿದ್ದ ಕಲ್ಲಿನ ತೂತುಗಳನ್ನು ಮಕ್ಕಳು ಕೈಯಿಟ್ಟು ನೋಡುತ್ತಾರೆ. ವಾರ್ಷಿಕೋತ್ಸವದಲ್ಲಿ ಕುವೆಂಪು ಅವರ ಕಿಂದರಿಜೋಗಿ ಆಡಿಸುತ್ತೀರಿ. ಊರಿನ ಮಕ್ಕಳೆಲ್ಲ ಬೆಟ್ಟದ ಒಳಗೆ ಹೋಗಿ ಮಾಯವಾಗುವ ಕತೆ ಅದು. ಹೋದ ಸಲ ನನ್ನ ತಮ್ಮನ ಮಗ ಹಿಂದುಳಿದ ಕುಂಟ ಹುಡುಗನ ಪಾರ್ಟು ಮಾಡಿದ. ಮನೆಗೆ ಬಂದು ರಾತ್ರಿ ಊಟ ಮಾಡದೆ "ಅವರೆಲ್ಲ ಎಲ್ಲಿಗೆ ಹೋದ್ರು" ಅಂತ ಕೇಳುತ್ತಿದ್ದ. ಇವು ಮಕ್ಕಳ ಮನಸ್ಸು ಕೆಡಿಸುತ್ತವೆ ಅಂತ ಯಾರೂ ಹೇಳುವುದಿಲ್ಲ. ಹೇಳಲೂಬಾರದು. ಹಾಗಿದ್ದರೆ ಮಕ್ಕಳೇ ಆರಿಸಿಕೊಂಡ ಕತೆ ಮಾತ್ರ ಯಾಕೆ ತಪ್ಪಾಯಿತು?

ಭಯ ಅಂದರೆ ಏನು ಅಂತ ನಮ್ಮ ಮಕ್ಕಳಿಗೆ ಪುಸ್ತಕ ಕಲಿಸಬೇಕಾಗಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ಹೋದರು. ಶನಿವಾರ, ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ನನ್ನ ಮಗಳು ಆಗ ಎರಡನೇ ತರಗತಿ. ಇವತ್ತಿಗೂ ನಾಲೆ ಏರಿಯ ಮೇಲೆ ಬಸ್ಸು ಹೋಗುವಾಗ ಅವಳು ಮಾತು ನಿಲ್ಲಿಸುತ್ತಾಳೆ, ಕಿಟಕಿಯ ಸರಳು ಹಿಡಿದುಕೊಳ್ಳುತ್ತಾಳೆ. ನಾನು ಏನು ಅಂತ ಕೇಳಿದರೆ "ಏನಿಲ್ಲ" ಅನ್ನುತ್ತಿದ್ದಳು. 2022ರ ಕೊನೆ, 2023ರ ಮೊದಲಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಜನ ಒಬ್ಬರ ಮೇಲೊಬ್ಬರು ಸತ್ತಾಗ ನಮ್ಮ ಕಡೆಯೂ ಸಂಜೆ ಆರರ ಮೇಲೆ ಯಾರೂ ಗದ್ದೆ ಕಡೆ ಹೋಗುತ್ತಿರಲಿಲ್ಲ. ಕಬ್ಬಿನ ಗದ್ದೆಯ ನಡುವೆ ಸೈಕಲ್ ತುಳಿದು ಶಾಲೆಗೆ ಬರುವ ಮಕ್ಕಳು ಇವರು. ಈ ಭಯಗಳನ್ನು ಅವರು ಯಾರ ಹತ್ತಿರ ಹೇಳಿಕೊಳ್ಳಬೇಕು?

ಆ ಕಾದಂಬರಿ ಓದಿ ಮುಗಿಸಿದ ರಾತ್ರಿ, ಒಲೆಯೆಲ್ಲ ಆರಿದ ಮೇಲೆ, ಮಗಳು ನನ್ನ ಪಕ್ಕ ಕೂತು ಮೊದಲ ಸಲ ನಾಲೆಯ ಮಾತು ತೆಗೆದಳು. ಬಸ್ಸು ಮುಳುಗುವಾಗ ಒಳಗಿದ್ದವರಿಗೆ ಹೇಗಾಗಿರಬಹುದು ಅಂತ ಎಷ್ಟೋ ವರ್ಷದಿಂದ ಅವಳ ತಲೆಯಲ್ಲಿತ್ತಂತೆ. ಏಳು ವರ್ಷ ನಾನು ಅವಳ ಜೊತೆ ಅದೇ ರಸ್ತೆಯಲ್ಲಿ ಓಡಾಡಿದ್ದೇನೆ. ನನಗೆ ಗೊತ್ತಿರಲಿಲ್ಲ. ದೆವ್ವದ ಕತೆಗೂ ನಾಲೆಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಮೂರು ರಾತ್ರಿ ಭಯವನ್ನು ಬಾಯಿಬಿಟ್ಟು ಓದಿದ ಮೇಲೆ ಅವಳಿಗೆ ತನ್ನ ಭಯ ಹೇಳೋಕೂ ಬಾಯಿ ಬಂತು. ನಾನು ಕಣ್ಣಾರೆ ಕಂಡದ್ದು ಇದು.

ಇನ್ನು ಜ್ವರ ಬಂದ ಹುಡುಗಿಯ ವಿಷಯ. ನೀವು ಮತ್ತೆ ಮತ್ತೆ ಅವಳನ್ನೇ ಉದಾಹರಣೆ ಕೊಟ್ಟಿರಿ. ನಾನು ಅವಳ ಮನೆಗೆ ಹೋದೆ, ಮಗಳನ್ನೂ ಕರೆದುಕೊಂಡು. ನಮ್ಮ ಪುಸ್ತಕದಿಂದ ಹೀಗಾಯಿತು ಅಂತ ಆ ತಾಯಿಯ ಹತ್ತಿರ ಕ್ಷಮೆ ಕೇಳಿದೆ. ಜ್ವರ ಬಿಟ್ಟಿತ್ತು. ಆದರೆ ನಿದ್ದೆ ಇನ್ನೂ ಸರಿಹೋಗಿರಲಿಲ್ಲ. ಪುಸ್ತಕ ಕಿತ್ತುಕೊಂಡು ಆಗಲೇ ಆರು ದಿನ ಆಗಿತ್ತು. ಹುಡುಗಿ ಚಾಪೆಯ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು. ನಾನು ಮೆಲ್ಲಗೆ ಕೇಳಿದೆ, ಏನಮ್ಮಾ ಅಷ್ಟು ಭಯ ಅಂತ. ಅವಳು ತಲೆ ಎತ್ತದೆ ಹೇಳಿದಳು. "ಅವಳು ಮೆಟ್ಟಿಲು ಹತ್ತಿದ್ಲು ಅಂಕಲ್. ಬೀಗ ತೆಗೆದ್ಲು. ಅಲ್ಲಿಗೆ ನಮ್ಮಮ್ಮ ತಗೊಂಡ್ಬಿಟ್ರು. ಒಳಗೇನಿತ್ತು ಅಂತ ನಂಗೆ ಗೊತ್ತಿಲ್ಲ."

142ನೇ ಪುಟ. ಪುಸ್ತಕಕ್ಕೆ 210 ಪುಟ.

ನನಗೆ ಎದೆಗೆ ಹೊಡೆದ ಹಾಗಾಯಿತು. ಆರು ರಾತ್ರಿ ಆ ಮಗು ಬೀಗ ತೆಗೆದ ಬಾಗಿಲಿನ ಮುಂದೆ ನಿಂತಿದ್ದಳು. ಒಳಗೆ ಏನಿದೆ ಅಂತ ಅವಳೇ ಊಹೆ ಮಾಡಿಕೊಂಡು ಹೆದರುತ್ತಿದ್ದಳು. ಬರೆದವರು ಆ ಭಯವನ್ನು ಅಲ್ಲಿಗೆ ತಂದು ನಿಲ್ಲಿಸಿದ್ದು ಬಿಟ್ಟುಹೋಗುವುದಕ್ಕಲ್ಲ. ಮುಂದಿನ ಪುಟಗಳಲ್ಲಿ ಕೈ ಹಿಡಿದು ಇಳಿಸುವುದಕ್ಕೆ. ಇಂಥ ಕತೆಯಲ್ಲಿ ಮೈ ನಡುಗುವುದು ಎಷ್ಟು ಮುಖ್ಯವೋ ಅದು ಇಳಿದು ಉಸಿರು ಬಿಡುವುದೂ ಅಷ್ಟೇ ಮುಖ್ಯ. ಮಕ್ಕಳು ಅದಕ್ಕೇ ಇದನ್ನು ಹುಡುಕಿಕೊಂಡು ಹೋಗುವುದು. ಜಾತ್ರೆಯಲ್ಲಿ ಜೈಂಟ್ ವೀಲ್ ಮೇಲೆ ಹೋದಾಗ ಯಾರಾದರೂ ಕರೆಂಟ್ ತೆಗೆದು ಅಲ್ಲೇ ಬಿಟ್ಟರೆ ಹೇಗೆ? ನಾವು ಮಾಡಿದ್ದು ಅದನ್ನೇ.

ಪುಸ್ತಕ ನಿಮ್ಮ ಬೀರುವಿನಲ್ಲಿತ್ತು. ಹಾಗಾಗಿ ನನ್ನ ಮಗಳು ಅಲ್ಲೇ ಚಾಪೆ ಮೇಲೆ ಕೂತು ಮಿಕ್ಕ 68 ಪುಟದ ಕತೆಯನ್ನು ಬಾಯಲ್ಲೇ ಹೇಳಿದಳು. ಒಂದು ಗಂಟೆ ಹಿಡಿಯಿತು. ಕಡಲೆಕಾಯಿ ಹಾಗೇ ಉಳಿಯಿತು. ಆ ತಾಯಿ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದರು. ಮರುದಿನ ಬೆಳಿಗ್ಗೆ ಅವರೇ ಫೋನ್ ಮಾಡಿ, ರಾತ್ರಿ ಒಳ್ಳೆ ನಿದ್ದೆ ಮಾಡಿದಳು ಅಂದರು. ಈ ಪತ್ರದಲ್ಲಿ ಇದನ್ನು ಬರೆಯಲು ಅವರು ಒಪ್ಪಿದ್ದಾರೆ. ನಿಮ್ಮ ಹತ್ತಿರ ಬಂದು ಹೇಳುವುದಕ್ಕೂ ಸಿದ್ಧ ಇದ್ದಾರೆ.

ಎಲ್ಲ ಮಕ್ಕಳೂ ಇಂಥ ಪುಸ್ತಕ ಓದಬೇಕು ಅಂತ ನಾನು ಹೇಳುತ್ತಿಲ್ಲ. ಕೆಲವು ಮಕ್ಕಳಿಗೆ ಆಗುವುದಿಲ್ಲ. ನನ್ನ ತಮ್ಮನ ಚಿಕ್ಕ ಮಗಳು ಎರಡನೇ ರಾತ್ರಿ ಎದ್ದು ಮನೆಗೆ ಹೋದಳು, ಯಾರೂ ಅವಳನ್ನು ಅಣಕಿಸಲಿಲ್ಲ. ಬೇಡ ಅನ್ನುವ ಮಗುವಿಗೆ ಬಲವಂತ ಮಾಡಬಾರದು, ಹೆದರುಪುಕ್ಕಲಿ ಅಂತ ಕರೆಯಬಾರದು. ರಕ್ತ, ಹಿಂಸೆ ಸುಮ್ನೆ ತುಂಬಿಸಿದ ಪುಸ್ತಕಗಳೂ ಇವೆ, ಅವನ್ನು ನಾನೂ ಕೊಡಿಸುವುದಿಲ್ಲ. ಆದರೆ ಯಾವುದು ಎಂಥದ್ದು ಅಂತ ಓದದೆ ಹೇಳೋಕೆ ಆಗುವುದಿಲ್ಲ. ಮೊಬೈಲಿನಲ್ಲಿ ಅರ್ಧ ನಿಮಿಷದ ಭಯಂಕರ ವಿಡಿಯೊಗಳು ಒಂದರ ಹಿಂದೆ ಒಂದು ಬರುತ್ತವೆ. ಅವು ಕಿರುಚಿಸಿ ಬಿಟ್ಟುಹೋಗುತ್ತವೆ. ಅದಕ್ಕೆ ಯಾವ ಶಾಲೆಯೂ ತಪ್ಪೊಪ್ಪಿಗೆ ಬರೆಸಿಕೊಂಡಿಲ್ಲ. 210 ಪುಟ ಕನ್ನಡ ಓದಿದ್ದಕ್ಕೆ ಬರೆಸಿಕೊಂಡಿದ್ದೀರಿ.

ಮಗಳ ಕನ್ನಡ ನೋಟ್‌ಬುಕ್ಕನ್ನೂ ನೀವು ನೋಡಬೇಕು. ಆ ಪುಸ್ತಕದ ಹುಚ್ಚಿನಲ್ಲಿ ಅವಳು ಇಂಥ ಕತೆಗಳು ಮೊದಲು ಎಲ್ಲಿ ಹುಟ್ಟಿದವು ಅಂತ ಹುಡುಕಿದ್ದಾಳೆ. 1815ರಲ್ಲಿ ಇಂಡೋನೇಷ್ಯಾದಲ್ಲಿ ತಂಬೋರಾ ಅನ್ನುವ ಜ್ವಾಲಾಮುಖಿ ಸಿಡಿಯಿತು. ಅದರ ಬೂದಿ ಆಕಾಶ ತುಂಬಿ ಮುಂದಿನ ವರ್ಷ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ಹತ್ತಿರ ಮನೆಯೊಳಗೆ ಕೂತಿದ್ದ ಗೆಳೆಯರು ಒಬ್ಬೊಬ್ಬರೂ ಒಂದು ದೆವ್ವದ ಕತೆ ಬರೆಯೋಣ ಅಂದುಕೊಂಡರು. ಅವರಲ್ಲಿ ಮೇರಿ ಅನ್ನುವ ಹುಡುಗಿಗೆ ಆಗ 18 ವರ್ಷ. ಅವಳು ಅಲ್ಲಿ ಶುರುಮಾಡಿದ್ದೇ 'ಫ್ರಾಂಕೆನ್‌ಸ್ಟೈನ್' ಕಾದಂಬರಿ. 1818ರಲ್ಲಿ ಅಚ್ಚಾಯಿತು. ಇಷ್ಟು ಬರೆದು ಮಗಳು ಕೆಳಗೆ ಕೆಂಪು ಗೆರೆ ಎಳೆದು ಒಂದು ಸಾಲು ಸೇರಿಸಿದ್ದಾಳೆ: "ಮೊದಲ ಮುದ್ರಣದಲ್ಲಿ ಅವಳ ಹೆಸರೇ ಇರಲಿಲ್ಲ." ಜ್ವಾಲಾಮುಖಿಯ ಬಗ್ಗೆ ಸಮಾಜ ವಿಜ್ಞಾನದ ಪಾಠ ಓದಿಸೋಕೆ ನಾನು ಬೆನ್ನು ಬೀಳಬೇಕಿತ್ತು. ಇದನ್ನು ಯಾರೂ ಓದಿಸಲಿಲ್ಲ.

ಮನಸ್ಸಿನ ಭಯದ ಬಗ್ಗೆ ಬರೆಯುವುದು ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. ಕಾದಂಬರಿಕಾರ್ತಿ ತ್ರಿವೇಣಿಯವರು ಹುಟ್ಟಿದ್ದು ಮಂಡ್ಯದಲ್ಲಿ, 1928ರಲ್ಲಿ. ಆಮೇಲೆ ಮೈಸೂರಿನಲ್ಲಿ ಬಾಳಿದವರು. ಬಾಣಂತಿಯ ಮನಸ್ಸು ಕದಡುವುದು, ಅವಳನ್ನು ಮನೆಯವರೇ ಹುಚ್ಚಿ ಅಂತ ನೋಡುವುದು, ಇದನ್ನೆಲ್ಲ ಆ ಕಾಲದಲ್ಲೇ 'ಶರಪಂಜರ'ದಲ್ಲಿ ಬರೆದರು. ನನ್ನ ತಾಯಿ ಅದನ್ನು ಓದಿ ಎಷ್ಟೋ ದಿನ ಮಂಕಾಗಿದ್ದರು ಅಂತ ಹೇಳುತ್ತಿದ್ದರು. ಓದಬಾರದಿತ್ತು ಅಂತ ಒಂದು ದಿನವೂ ಹೇಳಲಿಲ್ಲ.

ಈಗ ನನ್ನ ಕೋರಿಕೆಗಳು.

ಮೊದಲು ಆ ಹನ್ನೊಂದು ತಪ್ಪೊಪ್ಪಿಗೆ ಪತ್ರಗಳನ್ನು ಮಕ್ಕಳಿಗೆ ವಾಪಸ್ ಕೊಡಿ. ಅವರು ಕದ್ದಿಲ್ಲ, ಸುಳ್ಳು ಹೇಳಿಲ್ಲ, ಯಾರಿಗೂ ಕೇಡು ಮಾಡಿಲ್ಲ. ತಪ್ಪು ಮಾಡದೆ ತಪ್ಪು ಅಂತ ಬರೆದುಕೊಟ್ಟ ಕಾಗದ ಶಾಲೆಯ ಕಡತದಲ್ಲಿ ಇರಬಾರದು. ಇದನ್ನು ನಾನು ಬೇಡಿಕೊಳ್ಳುತ್ತಿಲ್ಲ, ಕೇಳುತ್ತಿದ್ದೇನೆ.

ಹಾಗೇ ಶಾಲೆಯ ಗ್ರಂಥಾಲಯದ ಬೀರು. ಅದು ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿದೆ, ಬೀಗದ ಕೈ ಗುಮಾಸ್ತರ ಹತ್ತಿರ ಇರುತ್ತದೆ. ಈ ವರ್ಷ ಒಂಬತ್ತನೇ ತರಗತಿಗೆ ಒಂದು ಸಲವೂ ಪುಸ್ತಕ ಕೊಟ್ಟಿಲ್ಲ. ವಾರಕ್ಕೆ ಒಂದು ಪೀರಿಯಡ್ ಅದನ್ನು ತೆರೆದಿಡಿ. ಹೊಸ ಪುಸ್ತಕ ತರುವಾಗ ಏನು ಬೇಕು ಅಂತ ಮಕ್ಕಳನ್ನು ಒಂದು ಮಾತು ಕೇಳಿ. ದುಡ್ಡು ಸಾಲದಿದ್ದರೆ ಹೇಳಿ. ಈ ಸಲದ ಬೆಲ್ಲದ ದುಡ್ಡಿನಲ್ಲಿ ಐದು ಸಾವಿರ ರೂಪಾಯಿಯ ಪುಸ್ತಕ ನಾನು ಕೊಡಿಸುತ್ತೇನೆ, ಯಾವುದು ಅಂತ ಆರಿಸುವುದು ಮಕ್ಕಳು ಮತ್ತು ಕನ್ನಡ ಮೇಷ್ಟ್ರು ಕೂಡಿ. ಪಂಚಾಯಿತಿಯ ಗ್ರಂಥಾಲಯವೂ ನಮ್ಮೂರಲ್ಲೇ ಇದೆ, ಶಾಲೆಯಿಂದ ಐದು ನಿಮಿಷ. ಶನಿವಾರ ಮಧ್ಯಾಹ್ನ ಮಕ್ಕಳನ್ನು ಸಾಲಾಗಿ ಅಲ್ಲಿಗೆ ಕಳಿಸಿದರೆ ಯಾರಿಗೂ ಖರ್ಚಿಲ್ಲ.

ತಂದೆ ತಾಯಂದಿರಲ್ಲಿ ಒಂದು ವಿನಂತಿ. ಮಗು ಹೆದರಿಕೊಂಡು ಪಕ್ಕಕ್ಕೆ ಬಂದರೆ ಪುಸ್ತಕ ಕಿತ್ತುಕೊಳ್ಳಬೇಡಿ. ಎಲ್ಲಿಗೆ ಬಂದಿದ್ದೀಯ ಅಂತ ಕೇಳಿ. ಆಗುವುದಾದರೆ ಮುಂದಿನ ಪುಟವನ್ನು ನೀವೇ ಜೊತೆಗೆ ಕೂತು ಓದಿ.

ಕೊನೆಯದು ಆ ಪುಸ್ತಕ. ಅದನ್ನು ನನಗೆ ಕೂಡಲೇ ವಾಪಸ್ ಕೊಡಿ ಅಂತ ನಾನು ಕೇಳುತ್ತಿಲ್ಲ. ಮುಖ್ಯೋಪಾಧ್ಯಾಯರು ಮನೆಗೆ ತೆಗೆದುಕೊಂಡು ಹೋಗಿ ಓದಿ. ನಿಮ್ಮ ಬಳಿಕ ಸಮಿತಿಯವರು ಓದಲಿ. ಒಬ್ಬರಿಗೆ ನಾಲ್ಕು ದಿನ, ಮಕ್ಕಳು ಮಾಡಿಕೊಂಡ ಲೆಕ್ಕವೇ ಇರಲಿ. ಓದಿದ ಮೇಲೂ ಇದು ಬೇಡ ಅನ್ನಿಸಿದರೆ ಯಾವ ಪುಟ, ಯಾವ ಸಾಲು ಅಂತ ತೋರಿಸಿ, ನಾನು ಬಂದು ಕೂತು ಕೇಳುತ್ತೇನೆ. ಅದಕ್ಕೇ ನಾನು ಕೊನೆ ಹೇಳಲಿಲ್ಲ. 142ನೇ ಪುಟದಲ್ಲಿ ನಿಮಗೂ ನಿಲ್ಲಿಸೋಕೆ ಆಗುವುದಿಲ್ಲ ಅಂತ ನನಗೆ ನಂಬಿಕೆ ಇದೆ.

ಒಂದು ಮಾತ್ರ ದಯವಿಟ್ಟು ಮಾಡಬೇಡಿ. ಕೊನೆಯ ಪುಟ ಹರಿಯಬೇಡಿ. ಅದರಲ್ಲಿ ಹನ್ನೊಂದು ಹೆಸರಿವೆ, ಒಂದೊಂದೂ ಬೇರೆ ಬೇರೆ ಬಣ್ಣದ ಪೆನ್ನಿನಲ್ಲಿ. ಹನ್ನೆರಡನೇ ಸಾಲು ಆ ಜ್ವರ ಬಂದ ಹುಡುಗಿಯದು. ಪುಸ್ತಕ ಸಿಕ್ಕಿದರೆ ಮಿಕ್ಕ ಪುಟ ತಾನೇ ಓದಿ ಹೆಸರು ಬರೆಯುತ್ತೇನೆ ಅಂತ ಕಾಯುತ್ತಿದ್ದಾಳೆ.

ಸಂಕ್ರಾಂತಿ ಮುಗಿಯುವವರೆಗೆ ನಾನು ದಿನಾ ಆಲೆಮನೆಯಲ್ಲೇ ಇರುತ್ತೇನೆ. ನೀವು ಯಾವ ದಿನ ಬಾ ಅಂದರೂ ಶಾಲೆಗೆ ಬರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಂಬತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳ ತಂದೆ
ಮಂಡ್ಯ ಜಿಲ್ಲೆ